ಎಂಟನೇ ಕ್ಲಾಸಿಗೆ ವಾಪಸ್ ಹೋಗಿ ನೀಟ್ ಓದಿದ್ದು

ಪಿಯುಸಿಯಲ್ಲಿ ನಾನು ತಗೊಂಡಿದ್ದು ಕಾಮರ್ಸ್. ಬಿ.ಕಾಂ. ಮುಗಿಸಿ ಹಾಸನದ ಒಂದು ಮೆಡಿಕಲ್ ಶಾಪಿನಲ್ಲಿ ಬಿಲ್ಲಿಂಗ್ ಕೆಲಸಕ್ಕೆ ಸೇರಿದೆ. ನಮ್ಮೂರು ದುದ್ದದಿಂದ ಬೆಳಿಗ್ಗೆ ಬಸ್ಸು, ರಾತ್ರಿ ವಾಪಸ್. ಚೀಟಿ ಓದಿ ಓದಿ ಔಷಧಿ ಹೆಸರೆಲ್ಲ ಬಾಯಿಗೆ ಬಂದಿತ್ತು. ಆದರೆ ಅದು ಯಾಕೆ, ಹೇಗೆ ಅನ್ನೋದು ಗೊತ್ತಿರಲಿಲ್ಲ. ಆಸಿಡಿಟಿ ಮಾತ್ರೆ ಪ್ಯಾಂಟೊಪ್ರಜೋಲನ್ನು ಊಟಕ್ಕೆ ಮುಂಚೆಯೇ ಯಾಕೆ ತಗೋಬೇಕು ಅಂತ ಫಾರ್ಮಸಿಸ್ಟ್ ಅಣ್ಣನನ್ನು ಕೇಳಿದರೆ, 'ಅದು ಹಂಗೇ' ಅಂತಿದ್ದರು.

2023ರ ನವೆಂಬರಿನಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗ ಒಂದು ಪ್ರಕಟಣೆ ಹೊರಡಿಸಿತು. ಹನ್ನೆರಡನೇ ಕ್ಲಾಸು ಪಾಸಾದ ಮೇಲೆ ಫಿಸಿಕ್ಸ್, ಕೆಮಿಸ್ಟ್ರಿ, ಬಯಾಲಜಿಯನ್ನು ಹೆಚ್ಚುವರಿ ವಿಷಯವಾಗಿ ಓದಿ ಪಾಸು ಮಾಡಿದವರೂ ನೀಟ್, ಅಂದರೆ ಡಾಕ್ಟರ್ ಓದಿಗೆ ಸೇರುವ ಪ್ರವೇಶ ಪರೀಕ್ಷೆ, ಬರೆಯಬಹುದು ಅಂತ. ಇಂಗ್ಲಿಷ್ ಕೂಡ ಬೇಕು, ಅದು ನನ್ನ ಪಿಯುಸಿಯಲ್ಲೇ ಇತ್ತು. ಮೂರೂ ವಿಷಯ ಸೇರಿ 50 ಪರ್ಸೆಂಟ್ ಬರಬೇಕು, ಮೀಸಲಾತಿ ಇರುವವರಿಗೆ 40. ವಯಸ್ಸಿನ ಮೇಲ್ಮಿತಿಯನ್ನು ಅದಕ್ಕೂ ಮೊದಲೇ ತೆಗೆದಿದ್ದರು. ಸುದ್ದಿಯನ್ನು ಪೇಪರಿನಿಂದ ಕತ್ತರಿಸಿ ಬಿಲ್ ಪುಸ್ತಕದೊಳಗೆ ಇಟ್ಟುಕೊಂಡು ತಿಂಗಳುಗಟ್ಟಲೆ ಓಡಾಡಿದೆ. ಮನೆಯಲ್ಲಿ ಹೇಳೋಕೆ ಧೈರ್ಯ ಬರಲಿಲ್ಲ.

ಮೊದಲ ತಪ್ಪು ಮಾಡಿದ್ದು ಅಲ್ಲೇ. ಯಾರನ್ನೂ ಕೇಳದೆ ಒಂದು ಕೋಚಿಂಗ್ ಸೆಂಟರಿಗೆ ದುಡ್ಡು ಕಟ್ಟಿದೆ. ಮೊದಲ ದಿನವೇ ಫಿಸಿಕ್ಸಿನ ವೆಕ್ಟರ್ ಪಾಠ. ಬೋರ್ಡಿನ ಮೇಲೆ ಬಾಣದ ಗುರುತು, ಸೈನ್, ಕಾಸ್. ಪಕ್ಕದಲ್ಲಿ ಕೂತಿದ್ದ ಹುಡುಗಿ ನನಗಿಂತ ಐದಾರು ವರ್ಷ ಚಿಕ್ಕವಳು, ಸರಸರ ಬರೆಯುತ್ತಿದ್ದಳು. ನಾನು ಬೋರ್ಡನ್ನು ಹಾಗೇ ಕಾಪಿ ಮಾಡಿಕೊಂಡೆ. ಮೂರು ವಾರಕ್ಕೆ ಬಿಟ್ಟೆ. ದುಡ್ಡು ವಾಪಸ್ ಬರಲಿಲ್ಲ.

ಊರಿನಲ್ಲಿ ರಿಟೈರ್ ಆದ ಗಣಿತದ ಮೇಷ್ಟ್ರೊಬ್ಬರಿದ್ದಾರೆ. ಅವರ ಮುಂದೆ ಹೋಗಿ ನಿಂತೆ. ಅವರು ಪುಸ್ತಕ ಯಾವುದು, ಕೋಚಿಂಗ್ ಎಲ್ಲಿ ಅಂತ ಏನೂ ಕೇಳಲಿಲ್ಲ. ಒಂದು ಹಾಳೆ ಕೊಟ್ಟು, "ಮೂರನೇ ಎರಡರಿಂದ ಐದನೇ ನಾಲ್ಕನ್ನ ಭಾಗಿಸಮ್ಮ" ಅಂದರು. ನಾನು ತಪ್ಪು ಮಾಡಿದೆ. "ಎಂಟನೇ ಕ್ಲಾಸಿನ ಗಣಿತ, ವಿಜ್ಞಾನ ತಗೊಂಡು ನಾಳೆ ಬಾ" ಅಂದರು.

ಅವಮಾನ ಆಯ್ತು, ನಿಜ. ಪಕ್ಕದ ಮನೆ ಹುಡುಗನ ಹಳೇ ಪುಸ್ತಕ ತಂದೆ. ಕನ್ನಡ ಮೀಡಿಯಮ್ಮಿನದು. ಎಂಟು, ಒಂಬತ್ತು, ಹತ್ತು, ಈ ಮೂರು ಕ್ಲಾಸಿಗೆ ನಾಲ್ಕು ತಿಂಗಳು ಹಿಡಿಯಿತು. ಭಿನ್ನರಾಶಿ, ಘಾತಾಂಕ, ಗ್ರಾಫ್, ತ್ರಿಕೋನಮಿತಿ. ಬೆಳಿಗ್ಗೆ ನಾಲ್ಕೂವರೆಗೆ ಎದ್ದು ಲೆಕ್ಕ, ಬಸ್ಸಿನಲ್ಲಿ ವಿಜ್ಞಾನ. 'ನಾಲ್ಕು ತಿಂಗಳು ದಂಡ ಮಾಡಿಕೊಂಡೆ' ಅಂದವರೇ ಜಾಸ್ತಿ. ನನ್ನ ಪ್ರಕಾರ ಆ ನಾಲ್ಕು ತಿಂಗಳಲ್ಲಿ ಓದಿದ್ದೇ ಓದು. ಆಮೇಲೆ ಹನ್ನೊಂದನೇ ಕ್ಲಾಸಿನ ಫಿಸಿಕ್ಸ್ ತೆಗೆದಾಗ ವೆಕ್ಟರ್ ಅಂದರೆ ಹತ್ತನೇ ಕ್ಲಾಸಿನ ತ್ರಿಕೋನವೇ ಅಂತ ಗೊತ್ತಾಯಿತು.

ಕೆಲವೊಂದು ಕಡೆ ಅಂಗಡಿಯೇ ಕೈಹಿಡಿಯಿತು. ಕೆಮಿಸ್ಟ್ರಿಯಲ್ಲಿ ಬರುವ ಮೋಲ್ ಅಂದರೆ ಏನು ಅಂತ ಎಷ್ಟು ಓದಿದರೂ ತಲೆಗೆ ಹತ್ತಿರಲಿಲ್ಲ. ಒಂದು ದಿನ ಸ್ಟಾಕ್ ಎಣಿಸುವಾಗ ಹೊಳೆಯಿತು. ಸ್ಟ್ರಿಪ್ಪಿಗೆ ಹತ್ತು ಮಾತ್ರೆ, ಬಾಕ್ಸಿಗೆ ಹತ್ತು ಸ್ಟ್ರಿಪ್. ನಾವು ಮಾತ್ರೆ ಎಣಿಸಲ್ಲ, ಬಾಕ್ಸ್ ಎಣಿಸುತ್ತೇವೆ. ಮೋಲ್ ಕೂಡ ಒಂದು ಬಾಕ್ಸೇ, ಒಳಗಿರೋದು 6.022 ಇಂಟು 10ರ ಘಾತ 23 ಕಣ, ಅಷ್ಟೇ. ನೀರಾದರೆ ಆ ಬಾಕ್ಸಿನ ತೂಕ 18 ಗ್ರಾಂ. ಅವತ್ತಿಂದ ಮೋಲ್ ಲೆಕ್ಕದಲ್ಲಿ ನಾನು ಎಡವಿದ್ದು ಕಡಿಮೆ.

ಎನ್‌ಐಒಎಸ್‌, ಅಂದರೆ ರಾಷ್ಟ್ರೀಯ ಮುಕ್ತ ಶಾಲೆಯಲ್ಲಿ ಆ ಮೂರು ವಿಷಯಕ್ಕೆ ಮಾತ್ರ ಸೇರಿಕೊಂಡೆ. ಮನೆಯಲ್ಲೇ ಕೂತು ಓದಬಹುದು. ಆದರೆ ಪ್ರಾಕ್ಟಿಕಲ್ ಬಿಡುವ ಹಾಗಿಲ್ಲ, ಅದರಲ್ಲೂ ಪಾಸಾಗಲೇಬೇಕು. ಟೈಟ್ರೇಶನ್ ಅಂತ ಒಂದಿದೆ, ಒಂದು ದ್ರಾವಣಕ್ಕೆ ಇನ್ನೊಂದನ್ನು ಅಳೆದು ಬಿಡೋದು. ಆಕ್ಸಾಲಿಕ್ ಆಸಿಡ್ ಬಿಸಿ ಮಾಡಿ, ಬ್ಯೂರೆಟ್ ಅನ್ನೋ ನಲ್ಲಿ ಇರುವ ಗಾಜಿನ ಕೊಳವೆಯಿಂದ ಪೊಟ್ಯಾಸಿಯಂ ಪರ್ಮಾಂಗನೇಟ್ ಬಿಡಬೇಕು. ನಸುಗುಲಾಬಿ ಬಣ್ಣ ಬಂದು ನಿಂತ ಕ್ಷಣ ನಲ್ಲಿ ಕಟ್ಟಬೇಕು. ಮೊದಲ ಸಲ ಕಟ್ಟುವಷ್ಟರಲ್ಲಿ ಫ್ಲಾಸ್ಕ್ ಪೂರ್ತಿ ಬೀಟ್‌ರೂಟ್ ಸಾರಾಗಿತ್ತು. ಎರಡನೇ ಸಲವೂ ಅದೇ. ಮೂರನೇ ಸಲ ಒಂದೊಂದೇ ಹನಿ ಬಿಟ್ಟೆ, ಬಂತು. ಪುಸ್ತಕದಲ್ಲಿ ಇದು ಒಂದೇ ಸಾಲು.

ಥಿಯರಿ ಪರೀಕ್ಷೆ 2024ರ ಅಕ್ಟೋಬರ್, ನವೆಂಬರಿನಲ್ಲಿ. ನನಗೆ ಸೆಂಟರ್ ಬಿದ್ದಿದ್ದು ಮೈಸೂರಿನಲ್ಲಿ. ಆಗಲೇ ಹಾಸನಾಂಬೆ ಬಾಗಿಲು ತೆಗೆದಿದ್ದರು. ಊರೆಲ್ಲ ಜನ, ಬಸ್ ಸ್ಟ್ಯಾಂಡಿನಲ್ಲಿ ಕಾಲಿಡೋಕೆ ಜಾಗವಿಲ್ಲ. ಇಡೀ ರಾಜ್ಯವೇ ಹಾಸನಕ್ಕೆ ಬರುತ್ತಿದ್ದರೆ ನಾನು ಹಾಸನದಿಂದ ಹೊರಗೆ ಹೋಗೋಕೆ ಬಸ್ ಹುಡುಕುತ್ತಿದ್ದೆ! ನಿಂತೇ ಹೋದೆ. ಪಾಸಾದೆ, 50 ಪರ್ಸೆಂಟೂ ದಾಟಿತು.

ಇನ್ನು ನೀಟ್. 180 ಪ್ರಶ್ನೆ, 720 ಅಂಕ. ಅದರಲ್ಲಿ ಬಯಾಲಜಿಯೇ 90 ಪ್ರಶ್ನೆ, ಅಂದರೆ ಅರ್ಧ. ಹಾಗಾಗಿ ಬಯಾಲಜಿಗೆ ಎನ್‌ಸಿಇಆರ್‌ಟಿ ಪುಸ್ತಕ ಬಿಟ್ಟು ಬೇರೇನೂ ಮುಟ್ಟಲಿಲ್ಲ, ಚಿತ್ರದ ಕೆಳಗಿನ ಸಣ್ಣಕ್ಷರವನ್ನೂ ಬಿಡಲಿಲ್ಲ. ಆದರೆ ನಾನು ತಂದಿದ್ದು ಸೆಕೆಂಡ್ ಹ್ಯಾಂಡ್ ಪುಸ್ತಕ, ಹಳೇ ಮುದ್ರಣ. ಗಿಡಗಳಲ್ಲಿ ನೀರು ಸಾಗುವ ಪಾಠ, ಜೀರ್ಣಕ್ರಿಯೆ ಪಾಠ ಎರಡನ್ನೂ ಶ್ರದ್ಧೆಯಿಂದ ಓದಿದೆ. ಅಡುಗೆಮನೆಯಲ್ಲಿ ಆಲೂಗಡ್ಡೆ ಹೋಳನ್ನು ಉಪ್ಪುನೀರಿಗೆ ಹಾಕಿ, ಒಳಗಿನ ನೀರು ಹೊರಗೆ ಹೋಗಿ ಅದು ಮೆತ್ತಗಾಗೋದನ್ನು ನೋಡುತ್ತಾ ಕೂತೆ. ಅಮ್ಮ "ಹಾಸನದಲ್ಲಿ ಆಲೂಗಡ್ಡೆಗೆ ಬರವೇನಿಲ್ಲ ಬಿಡು, ಆದ್ರೂ ಸಾರಿಗೆ ಸ್ವಲ್ಪ ಉಳಿಸು" ಅಂದರು. ಅದಾಗಿ ಎರಡು ವಾರಕ್ಕೆ ಗೊತ್ತಾಯಿತು, 2024ರಿಂದ ಆ ಎರಡೂ ಪಾಠ ನೀಟ್ ಸಿಲಬಸ್ಸಿನಲ್ಲೇ ಇಲ್ಲ. ಪುಸ್ತಕ ಹಳೇದಾದರೂ ಪರವಾಗಿಲ್ಲ, ಹೊಸ ಸಿಲಬಸ್ ಮಾತ್ರ ಪ್ರಿಂಟ್ ತೆಗೆಸಿ ಗೋಡೆಗೆ ಅಂಟಿಸಿಕೊಳ್ಳಿ.

ಕಾಮರ್ಸ್‌ನಿಂದ ಬಂದಿದ್ದಕ್ಕೆ ಒಂದು ಲಾಭವೂ ಆಯಿತು. ತಪ್ಪುಗಳಿಗೆ ಒಂದು ಲೆಡ್ಜರ್ ಇಟ್ಟೆ. ಪ್ರತಿ ಮಾಕ್ ಟೆಸ್ಟ್ ಆದಮೇಲೆ ಪ್ರತಿ ತಪ್ಪಿಗೂ ಒಂದು ಎಂಟ್ರಿ: ಗೊತ್ತೇ ಇರಲಿಲ್ಲವಾ, ಗೊತ್ತಿದ್ದೂ ಪ್ರಶ್ನೆ ತಪ್ಪಾಗಿ ಓದಿದೆನಾ, ಲೆಕ್ಕದಲ್ಲಿ ಹೋಯಿತಾ. ತಿಂಗಳ ಕೊನೆಗೆ ಕೂಡಿಸಿದರೆ ಅರ್ಧಕ್ಕರ್ಧ ಪ್ರಶ್ನೆ ಸರಿಯಾಗಿ ಓದದೇ ಕಳೆದುಕೊಂಡಿದ್ದು! 'ಸರಿಯಲ್ಲದ್ದು ಯಾವುದು' ಅಂತ ಕೇಳಿದರೆ ಸರಿಯಾದದ್ದಕ್ಕೆ ಗುರುತು ಹಾಕಿರುತ್ತಿದ್ದೆ. ಅದಕ್ಕೆ ಮತ್ತೆ ಪಾಠ ಓದಿ ಏನು ಪ್ರಯೋಜನ, ಅಲ್ವಾ?

ನೆಗೆಟಿವ್ ಮಾರ್ಕಿಗೂ ಹೀಗೇ ಲೆಕ್ಕ ಹಾಕಿದೆ. ಸರಿಗೆ 4, ತಪ್ಪಿಗೆ ಮೈನಸ್ 1. ಇಪ್ಪತ್ತು ಪ್ರಶ್ನೆಗೆ ಸುಮ್ನೆ ಕಣ್ಣುಮುಚ್ಚಿ ಗುರುತು ಹಾಕಿದರೆ ಸರಾಸರಿ ಐದು ಸರಿ, ಹದಿನೈದು ತಪ್ಪು. 20 ಬಂದು 15 ಹೋಗುತ್ತೆ, ಉಳಿಯೋದು 5. ನಾಲ್ಕರಲ್ಲಿ ಎರಡು ಉತ್ತರ ಖಂಡಿತ ತಪ್ಪು ಅಂತ ಗೊತ್ತಿದ್ದರೆ ಹತ್ತು ಸರಿ, ಹತ್ತು ತಪ್ಪು, ಉಳಿಯೋದು 30. ಹಾಗಾಗಿ ಎರಡನ್ನು ಹೊಡೆದುಹಾಕೋಕೆ ಆದರೆ ಮಾತ್ರ ಗುರುತು, ಇಲ್ಲದಿದ್ದರೆ ಮುಂದಕ್ಕೆ. ಐದು ಅಂಕಕ್ಕೆ ಅದೃಷ್ಟದ ಹಿಂದೆ ಬೀಳೋ ಧೈರ್ಯ ನನಗಿಲ್ಲ.

ಕನ್ನಡದಲ್ಲೂ ನೀಟ್ ಬರೆಯಬಹುದು. ಪ್ರಶ್ನೆಪತ್ರಿಕೆಯಲ್ಲಿ ಇಂಗ್ಲಿಷೂ ಇರುತ್ತೆ. ನಾನು ಓದಿದ ಪಿಯುಸಿ ಮಟ್ಟದ ಪುಸ್ತಕ ಎಲ್ಲ ಇಂಗ್ಲಿಷಿನಲ್ಲಿದ್ದಿದ್ದರಿಂದ ಇಂಗ್ಲಿಷನ್ನೇ ಆರಿಸಿಕೊಂಡೆ. ದ್ಯುತಿಸಂಶ್ಲೇಷಣೆ ಅಂತ ಹತ್ತನೇ ಕ್ಲಾಸುವರೆಗೆ ಓದಿ ಆಮೇಲೆ ಫೋಟೋಸಿಂಥೆಸಿಸ್ ಅನ್ನುವಾಗ ನಾಲಿಗೆ ಸ್ವಲ್ಪ ತಡವರಿಸಿತು, ಅಷ್ಟೇ. ಹತ್ತನೇವರೆಗೆ ಹಳ್ಳಿಯಲ್ಲಿ, ಕನ್ನಡ ಮೀಡಿಯಮ್ಮಿನಲ್ಲಿ ಓದಿದವರು ಗ್ರಾಮೀಣ, ಕನ್ನಡ ಮಾಧ್ಯಮ ಎರಡೂ ಮೀಸಲಾತಿಗೆ ವ್ಯಾಸಂಗ ಪ್ರಮಾಣಪತ್ರ ಮಾಡಿಸಿ, ಬಿಇಒ ಸಹಿ ಹಾಕಿಸಿ ಮೊದಲೇ ಇಟ್ಟುಕೊಳ್ಳಿ. ರಿಸಲ್ಟ್ ಬಂದ ಮೇಲೆ ಓಡಾಡಿದರೆ ಸುಸ್ತಾಗುತ್ತೆ.

2025ರ ಮೇ 4, ಮಧ್ಯಾಹ್ನ ಎರಡರಿಂದ ಐದು. ಆ ವರ್ಷದ ಫಿಸಿಕ್ಸ್ ಕಷ್ಟ ಇತ್ತು ಅಂತ ಎಲ್ಲರೂ ಹೇಳಿದರು. ನಾನು ಹದಿನಾರು ಪ್ರಶ್ನೆ ಬಿಟ್ಟೆ. ಬಯಾಲಜಿಯಲ್ಲಿ 230, ಕೆಮಿಸ್ಟ್ರಿ 70, ಫಿಸಿಕ್ಸ್ 31. ಒಟ್ಟು 331. ಸಾಮಾನ್ಯ ವರ್ಗದ ಅರ್ಹತಾ ಅಂಕ ಆ ವರ್ಷ 144 ಇತ್ತು, ಅದನ್ನು ಆರಾಮಾಗಿ ದಾಟಿದ್ದೆ. ಆದರೆ ಅರ್ಹತೆ ಬೇರೆ, ಸರ್ಕಾರಿ ಸೀಟೇ ಬೇರೆ. ಸೀಟು ಸಿಗಲಿಲ್ಲ. ಪ್ರೈವೇಟ್ ಫೀಸು ನಮ್ಮ ಕೈಗೆಟುಕುವಂಥದ್ದಲ್ಲ.

ಮತ್ತೆ ಕೂತಿದ್ದೇನೆ. ಅಂಗಡಿಗೆ ಈಗ ಅರ್ಧ ದಿನ ಮಾತ್ರ. ಸಂಜೆ ಮೇಷ್ಟ್ರ ಮನೆ ಜಗಲಿಯಲ್ಲಿ ದಿನಕ್ಕೆ ಇಪ್ಪತ್ತೈದು ಫಿಸಿಕ್ಸ್ ಲೆಕ್ಕ, ತಪ್ಪಾದರೆ ಲೆಡ್ಜರಿಗೆ ಎಂಟ್ರಿ.

ಅಂದಹಾಗೆ, ಸಿಲಬಸ್ಸಿನಲ್ಲಿಲ್ಲದ ಆ ಜೀರ್ಣಕ್ರಿಯೆ ಪಾಠದ ಬೆನ್ನು ಹತ್ತಿ ಹೋಗಿ ಪ್ಯಾಂಟೊಪ್ರಜೋಲ್ ಪ್ರಶ್ನೆಗೆ ಉತ್ತರ ಹುಡುಕಿದೆ. ಹೊಟ್ಟೆಯಲ್ಲಿ ಆಸಿಡ್ ಬಿಡುವ ಜೀವಕೋಶಗಳಲ್ಲಿ ಸಣ್ಣ ಪಂಪುಗಳಿರುತ್ತವೆ. ಊಟ ಬಿದ್ದಾಗ ಅವು ಜೋರಾಗಿ ಶುರುವಾಗುತ್ತವೆ. ಈ ಮಾತ್ರೆ ಓಡುತ್ತಿರುವ ಪಂಪನ್ನಷ್ಟೇ ನಿಲ್ಲಿಸೋದು, ಹಾಗಾಗಿ ಊಟದ ಹೊತ್ತಿಗೆ ರಕ್ತದಲ್ಲಿ ರೆಡಿ ಇರಬೇಕು. ಫಾರ್ಮಸಿಸ್ಟ್ ಅಣ್ಣನಿಗೆ ಇದನ್ನು ಪೂರ್ತಿ ವಿವರಿಸಿ ಹೇಳಿದೆ. ಅವರು ಬಿಲ್ಲಿನಿಂದ ತಲೆ ಎತ್ತದೆ, "ಅದೇ ಅಲ್ವಾ ನಾನೂ ಹೇಳಿದ್ದು, ಅದು ಹಂಗೇ ಅಂತ" ಅಂದರು.