ಏರಿನಲ್ಲಿ ಪಿಕಪ್ ಸತ್ತಿತೇ? ಟರ್ಬೊ ಬಿಚ್ಚಿಸುವ ಮುಂಚೆ ಹೋಸ್ ನೋಡಿ

ಚಿಕ್ಕಮಗಳೂರಿನಿಂದ ಕೈಮರ ದಾಟಿ ಮುಳ್ಳಯ್ಯನಗಿರಿಯ ಏರು ಹಿಡಿಯುತ್ತಿದ್ದಂತೆ ಡೀಸೆಲ್ ಕಾರಿನ ಪಿಕಪ್ ಇದ್ದಕ್ಕಿದ್ದಂತೆ ಹೋಗುತ್ತದೆ. ಆಕ್ಸಿಲರೇಟರ್ ಎಷ್ಟೇ ಒತ್ತಿದರೂ ಸೆಕೆಂಡ್ ಗೇರಿನಲ್ಲೇ ತೆವಳಾಟ, ಮೀಟರಿನಲ್ಲಿ ಹಳದಿ ಇಂಜಿನ್ ಲೈಟ್. ಪಕ್ಕಕ್ಕೆ ನಿಲ್ಲಿಸಿ, ಕೀ ಆಫ್ ಮಾಡಿ ಮತ್ತೆ ಸ್ಟಾರ್ಟ್ ಮಾಡಿದರೆ ಏನೂ ಆಗಿಲ್ಲವೆಂಬಂತೆ ಎಳೆಯುತ್ತದೆ. ಮುಂದಿನ ಏರಿನಲ್ಲಿ ಮತ್ತದೇ ಪಾಡು. ಇದೇ ಲಿಂಪ್ ಮೋಡ್: ಇಂಜಿನ್‌ಗೆ ಪೆಟ್ಟು ಬೀಳದಿರಲೆಂದು ಇಸಿಯು (ಇಂಜಿನ್ನಿನ ಕಂಪ್ಯೂಟರ್) ತಾನಾಗಿಯೇ ಪವರ್ ಇಳಿಸಿಬಿಡುತ್ತದೆ. ಸ್ಕ್ಯಾನರ್ ಹಾಕಿದರೆ ಪಿ0299 ಎಂಬ ಕೋಡ್ ಬರುತ್ತದೆ, ಅದರ ಬೆನ್ನಿಗೇ ಇಂಜಿನ್ನಿಗೆ ಗಾಳಿ ಒತ್ತಿ ತುಂಬುವ ‘ಟರ್ಬೊ ಹೋಗಿದೆ’ ಎಂಬ ತೀರ್ಪೂ ಬರುತ್ತದೆ. ಆ ಕೋಡ್ ಹೇಳುವುದು ಇಷ್ಟೇ: ಕೇಳಿದಷ್ಟು ಗಾಳಿಯ ಒತ್ತಡ ಸಿಗಲಿಲ್ಲ. ಟರ್ಬೊ ಕೆಟ್ಟಿದೆ ಎಂದು ಅದು ಎಲ್ಲೂ ಹೇಳುವುದಿಲ್ಲ.

ಅಳಿಸುವ ಮೊದಲು ಬರೆದುಕೊಳ್ಳಿ

ಸ್ಟೀರಿಂಗಿನ ಕೆಳಗೆ 16 ಪಿನ್ನಿನ ಸಾಕೆಟ್ ಇರುತ್ತದೆ. ಅದಕ್ಕೆ ಬ್ಲೂಟೂತ್ ಇಎಲ್‌ಎಂ327 ಅಡಾಪ್ಟರ್ ಚುಚ್ಚಿ ಫೋನಿನ ಆಪ್‌ನಲ್ಲಿ ಓದಿ. ತೀರಾ ಅಗ್ಗದ ನಕಲಿ ಅಡಾಪ್ಟರ್ ಬೇಡ. ಕೆಲವು ಕಾರುಗಳಿಗೆ ಅದು ಕನೆಕ್ಟೇ ಆಗುವುದಿಲ್ಲ, ಕನೆಕ್ಟ್ ಆದರೂ ನಡುವೆ ಕೈಕೊಡುತ್ತದೆ. ಯಾವ ಅಡಾಪ್ಟರೇ ಆಗಲಿ, ರಾತ್ರಿಯಿಡೀ ಸಾಕೆಟ್ಟಿನಲ್ಲೇ ಬಿಟ್ಟರೆ ಬ್ಯಾಟರಿ ತಿನ್ನುತ್ತದೆ.

ಪೆಂಡಿಂಗ್ (ಇನ್ನೂ ಖಾತ್ರಿಯಾಗದ) ಕೋಡ್‌ಗಳೂ ಸೇರಿ ಬಂದದ್ದನ್ನೆಲ್ಲ ಬರೆದುಕೊಳ್ಳಿ, ಜೊತೆಗೆ ಫ್ರೀಜ್ ಫ್ರೇಮ್ ನೋಡಿ. ಕೋಡ್ ಬಿದ್ದ ಕ್ಷಣದ ಆರ್‌ಪಿಎಂ, ಲೋಡ್, ವೇಗ ಎಲ್ಲ ಅದರಲ್ಲಿರುತ್ತವೆ. ‘ಮೊದಲು ಕ್ಲಿಯರ್ ಮಾಡಿ ನೋಡೋಣ’ ಎಂದು ಅಳಿಸಿದರೆ ಕೈಯಲ್ಲಿದ್ದ ಸಾಕ್ಷಿಯೇ ಹೋಯಿತು. ಹಲವು ಕಾರುಗಳಲ್ಲಿ ಬ್ಯಾಟರಿ ಟರ್ಮಿನಲ್ ಕಳಚಿದರೂ ಅಷ್ಟೇ.

ಒಂದಕ್ಕೊಂದು ಸಂಬಂಧವಿಲ್ಲದ ನಾಲ್ಕೈದು ಕೋಡ್ ಒಟ್ಟಿಗೆ ಬಂದರೆ ಮೊದಲು ವೋಲ್ಟೇಜ್ ಅಳೆಯಿರಿ. ಇಂಜಿನ್ ಆಫ್ ಇದ್ದಾಗ 12.4ಕ್ಕಿಂತ ಕಡಿಮೆ ಇರಬಾರದು, ಓಡುವಾಗ 13.8ರಿಂದ 14.5ರ ನಡುವೆ ಇರಬೇಕು. ಪಿ0087 ಬಂದರೆ ದೋಷ ಗಾಳಿಯದ್ದಲ್ಲ, ಡೀಸೆಲ್ಲಿನದ್ದು. ಫಿಲ್ಟರಿನ ನೀರು ಬಸಿದು ಹೊಸ ಫಿಲ್ಟರ್ ಹಾಕಿ. ಎಸ್ಟೇಟಿನ ಬ್ಯಾರಲ್ಲಿನಿಂದ ಡೀಸೆಲ್ ಸುರಿದುಕೊಳ್ಳುವ ಗಾಡಿಗಳಲ್ಲಿ ಇದು ಮಾಮೂಲು. ಬಿಎಸ್6 ಗಾಡಿಯಲ್ಲಿ ಪಿ2463 ಬಂದರೆ ಹೊಗೆಯ ಮಸಿ ಹಿಡಿಯುವ ಫಿಲ್ಟರ್ ಆದ ಡಿಪಿಎಫ್‌ನಲ್ಲಿ ಮಸಿ ತುಂಬಿದೆ ಎಂದರ್ಥ. ಅದರ ದಾರಿ ಬೇರೆ.

ಕಾರು ನಿಂತಲ್ಲೇ ಒಂದು ಪರೀಕ್ಷೆ

ಇಂಜಿನ್ ಸ್ಟಾರ್ಟ್ ಮಾಡದೆ ಕೀ ಮಾತ್ರ ಆನ್ ಮಾಡಿ, ಆಪ್‌ನಲ್ಲಿ ಮ್ಯಾಪ್ ಸೆನ್ಸರಿನ (ಇಂಜಿನ್ನಿಗೆ ಹೋಗುವ ಗಾಳಿಯ ಒತ್ತಡ ಅಳೆಯುವುದು) ಅಂಕಿ ನೋಡಿ. ಆಗ ಅದು ತೋರಿಸಬೇಕಾದದ್ದು ಊರಿನ ಗಾಳಿಯ ಒತ್ತಡವನ್ನೇ. ಮಂಗಳೂರಿನಲ್ಲಿ ಅದು 101 ಕಿಲೋಪ್ಯಾಸ್ಕಲ್ ಆಸುಪಾಸು. ಹಾಸನ, ಚಿಕ್ಕಮಗಳೂರು ಸಾವಿರ ಮೀಟರ್ ಎತ್ತರದ ಹತ್ತಿರ ಇರುವುದರಿಂದ ಇಲ್ಲಿ 89–90. 1,930 ಮೀಟರಿನ ಮುಳ್ಳಯ್ಯನಗಿರಿ ನೆತ್ತಿಯಲ್ಲಿ 80. ಚಿಕ್ಕಮಗಳೂರು ಪೇಟೆಯಲ್ಲಿ ನಿಂತ ಕಾರು 101 ತೋರಿಸಿದರೆ ಸೆನ್ಸರನ್ನೋ ಅದರ ವೈರನ್ನೋ ಅನುಮಾನಿಸಿ. ಕೆಲವು ಆಪ್‌ಗಳ ಬೂಸ್ಟ್ (ಟರ್ಬೊ ಕೊಡುವ ಹೆಚ್ಚುವರಿ ಒತ್ತಡ) ಗೇಜ್ ಸಮುದ್ರಮಟ್ಟದ ಲೆಕ್ಕದಲ್ಲಿ 101 ಕಳೆದು ತೋರಿಸುತ್ತದೆ. ನಮ್ಮ ಎತ್ತರದಲ್ಲಿ ಅದನ್ನು ನಂಬಿದರೆ ಬೂಸ್ಟ್ ಇರುವುದಕ್ಕಿಂತ ಹತ್ತು ಹನ್ನೆರಡು ಕಡಿಮೆ ಕಾಣುತ್ತದೆ. ಗೇಜ್ ಬಿಟ್ಟು ಮ್ಯಾಪ್‌ನ ನೇರ ಅಂಕಿಯನ್ನೇ ಓದಿ.

ಎಲ್ಲರೂ ಎಡವುವುದು ಇಲ್ಲೇ

ಟರ್ಬೊದಿಂದ ಗಾಳಿ ತಣಿಸುವ ಇಂಟರ್‌ಕೂಲರಿಗೆ, ಅಲ್ಲಿಂದ ಇಂಜಿನ್‌ಗೆ ದಪ್ಪ ರಬ್ಬರ್ ಹೋಸ್‌ಗಳಿರುತ್ತವೆ. ಅವು ಸೀಳುವುದು ಹೆಚ್ಚಾಗಿ ತಳಭಾಗದಲ್ಲಿ ಅಥವಾ ಕ್ಲ್ಯಾಂಪಿನ ಅಂಚಿನಲ್ಲಿ. ಐಡಲಿಂಗ್‌ನಲ್ಲಿ ಆ ಸೀಳು ಮುಚ್ಚಿಕೊಂಡೇ ಇರುತ್ತದೆ, ಏರಿನಲ್ಲಿ ಒತ್ತಡ ಬಿದ್ದಾಗ ಮಾತ್ರ ಬಾಯಿ ಬಿಡುತ್ತದೆ. ಬಾನೆಟ್ ಎತ್ತಿ ಮೇಲಿಂದ ಟಾರ್ಚ್ ಬಿಟ್ಟು ‘ಎಲ್ಲ ಸರಿ ಇದೆ’ ಎಂದರೆ ಆಗದು. ಕೆಳಗಿನ ಕವರ್ ತೆಗೆಸಿ, ಇಂಜಿನ್ ತಣ್ಣಗಿರುವಾಗ ಪ್ರತಿ ಹೋಸನ್ನೂ ಕೈಯಲ್ಲಿ ಹಿಂಡಿ ಬಾಗಿಸಿ ನೋಡಿ. ಒಂದೇ ಕಡೆ ಎಣ್ಣೆಯ ಪಸೆಗೆ ಧೂಳು ಅಂಟಿ ಕಪ್ಪಾಗಿದ್ದರೆ ಗಾಳಿ ಅಲ್ಲೇ ಹೊರಬೀಳುತ್ತಿದೆ. ಏರಿನಲ್ಲಿ ಸುಯ್ಯೆಂಬ ಸದ್ದು, ಹಿಂದೆ ಕಪ್ಪು ಹೊಗೆ ಇದ್ದರಂತೂ ಬಹುಪಾಲು ಇದೇ. ಅನುಮಾನವಿದ್ದ ಕಡೆ ಸೋಪು ನೀರು ಸಿಂಪಡಿಸಿ, ಒಬ್ಬರಿಗೆ ಇಂಜಿನ್ ರೇಸ್ ಮಾಡಲು ಹೇಳಿ, ಗುಳ್ಳೆ ಏಳುತ್ತದೆಯೇ ನೋಡಿ. ಫ್ಯಾನಿನಿಂದ ಕೈ ದೂರವಿರಲಿ. ಸ್ಮೋಕ್ ಟೆಸ್ಟ್ ಮಾಡುವ ಗ್ಯಾರೇಜ್ ಸಿಕ್ಕರೆ ಇನ್ನೂ ಒಳ್ಳೆಯದು. ಸೀಳಿದ ಹೋಸಿಗೆ ಎಂ-ಸೀಲ್ ಮೆತ್ತುವುದು, ಟೇಪ್ ಸುತ್ತುವುದು ಮನೆ ಮುಟ್ಟುವವರೆಗಿನ ಉಪಾಯ, ಅಷ್ಟೇ.

ಇದಾದ ಮೇಲೆ ಟರ್ಬೊವನ್ನು ನಿಯಂತ್ರಿಸುವ 3–4 ಮಿಲಿಮೀಟರಿನ ಸಣ್ಣ ವ್ಯಾಕ್ಯೂಮ್ ಪೈಪ್‌ಗಳು. ಇವನ್ನು ಯಾರೂ ನೋಡುವುದೇ ಇಲ್ಲ. ಬಿಸಿಗೆ ತುದಿ ಸೆಡೆತು ಸಡಿಲವಾಗಿರುತ್ತದೆ, ಇಲ್ಲವೇ ತೋಟದ ಶೆಡ್ಡಿನಲ್ಲಿ ನಿಲ್ಲಿಸಿದ ಗಾಡಿಯಾದರೆ ಇಲಿ ಕಡಿದಿರುತ್ತದೆ. ಸೆಡೆತ ತುದಿಯನ್ನು ಒಂದು ಸೆಂಟಿಮೀಟರ್ ಕತ್ತರಿಸಿ ಮತ್ತೆ ಬಿಗಿಯಾಗಿ ತೂರಿಸಿದರೆ ಎಷ್ಟೋ ಸಲ ಪಿ0299 ಮತ್ತೆ ಬರುವುದಿಲ್ಲ. ಆಮೇಲೆ ಟರ್ಬೊದ ವೇನ್ ತಿರುಗಿಸುವ ಆಕ್ಚುಯೇಟರ್ ಸರಳನ್ನು ಗಮನಿಸಿ. ವ್ಯಾಕ್ಯೂಮಿನಿಂದ ನಡೆಯುವ ವಿಜಿಟಿ (ಒಳಗೆ ತಿರುಗುವ ವೇನ್ ಇರುವ) ಟರ್ಬೊಗಳಲ್ಲಿ ಸಾಮಾನ್ಯವಾಗಿ ಇಂಜಿನ್ ಸ್ಟಾರ್ಟ್ ಆದಾಗ ಸರಳು ಒಳಗೆ ಎಳೆದುಕೊಳ್ಳಬೇಕು, ಆಫ್ ಮಾಡಿದಾಗ ನಿಧಾನವಾಗಿ ಹಿಂದಕ್ಕೆ ಬರಬೇಕು. ಅಲುಗದಿದ್ದರೆ ಕೈ ವ್ಯಾಕ್ಯೂಮ್ ಪಂಪನ್ನು ನೇರ ಆಕ್ಚುಯೇಟರಿಗೇ ಹಚ್ಚಿ. ಆಗ ಸರಳು ಸಲೀಸಾಗಿ ಓಡಾಡಿದರೆ ದೋಷ ಪೈಪಿನಲ್ಲಿದೆ, ಇಲ್ಲವೇ ವ್ಯಾಕ್ಯೂಮ್ ಬಿಡುವ ಸೊಲೆನಾಯ್ಡ್ ವಾಲ್ವಿನಲ್ಲಿದೆ, ಟರ್ಬೊ ನಿರಪರಾಧಿ. ನಡುವೆ ತಡೆತಡೆದು ನಿಂತರೆ ಒಳಗಿನ ವೇನ್‌ಗಳಿಗೆ ಮಸಿ ಕಟ್ಟಿದೆ. ವ್ಯಾಕ್ಯೂಮ್ ನಿಲ್ಲದೆ ಇಳಿದುಹೋದರೆ ಡಯಾಫ್ರಾಮ್ ತೂತು.

ಏರ್ ಫಿಲ್ಟರ್ ನೋಡಿ. ಒಳಬರುವ ಗಾಳಿ ಅಳೆಯುವ ಮಾಸ್ ಏರ್‌ಫ್ಲೋ ಸೆನ್ಸರನ್ನು ಅದಕ್ಕೆಂದೇ ಸಿಗುವ ಸ್ಪ್ರೇಯಿಂದ ಮಾತ್ರ ತೊಳೆದು, ಪೂರ್ತಿ ಒಣಗಿದ ಮೇಲೆ ಕೂರಿಸಿ. ಕಾರ್ಬ್ಯುರೇಟರ್ ಕ್ಲೀನರ್ ಹೊಡೆದರೆ, ಬಟ್ಟೆಯಲ್ಲಿ ಒರೆಸಿದರೆ ಹೊಸದನ್ನೇ ಕೊಳ್ಳಬೇಕಾದೀತು. ಹೊಗೆಯನ್ನು ಮತ್ತೆ ಇಂಜಿನ್ನಿಗೆ ಕಳಿಸುವ ಇಜಿಆರ್‌ಗೆ ತಗಡು ಹಾಕಿ ಮುಚ್ಚಿಕೊಡುತ್ತೇವೆ ಎನ್ನುವವರ ಮಾತು ಕೇಳಬೇಡಿ. ಒಂದು ಕೋಡ್ ಹೋಗಿ ಇನ್ನೊಂದು ಬರುತ್ತದೆ, ಹೊಗೆಯಲ್ಲಿ ನೈಟ್ರೋಜನ್ ಆಕ್ಸೈಡ್ ಹೆಚ್ಚುತ್ತದೆ.

ಏರಿನಲ್ಲೇ ಪರೀಕ್ಷೆ

ರಿಪೇರಿಯಾದ ಮೇಲೆ ಕೋಡ್ ಅಳಿಸಿ, ಕೋಡ್ ಬಿದ್ದಿದ್ದ ಅದೇ ಏರಿಗೆ ಹೋಗಿ. ವಾರಾಂತ್ಯದ ಪ್ರವಾಸಿಗರ ಸಾಲಿನಲ್ಲಿ ಬೇಡ. ಫೋನ್ ಪಕ್ಕದವರ ಕೈಯಲ್ಲಿರಲಿ. ಮೂರನೇ ಗೇರಿನಲ್ಲಿ 2,000 ಆರ್‌ಪಿಎಂನಿಂದ ಆಕ್ಸಿಲರೇಟರ್ ಒತ್ತಿ, ಕೇಳಿದ ಬೂಸ್ಟ್ ಮತ್ತು ಸಿಕ್ಕಿದ ಬೂಸ್ಟ್ ಎರಡನ್ನೂ ಲಾಗ್ ಮಾಡಿ. ಎರಡೂ ಜೊತೆಜೊತೆಗೇ ಏರಿದರೆ ಕೆಲಸ ಮುಗಿಯಿತು. ಮ್ಯಾಪ್ ಲೆಕ್ಕದಲ್ಲಿ ಕೇಳಿದ್ದು 190 ಕಿಲೋಪ್ಯಾಸ್ಕಲ್, ಸಿಕ್ಕಿದ್ದು 130 ಎಂಬಂತಿದ್ದರೆ ಎಲ್ಲೋ ಒಂದು ಸೀಳು ಕಣ್ತಪ್ಪಿದೆ.

ಅದೂ ಇಲ್ಲವೆಂದು ಖಾತ್ರಿಯಾದ ಮೇಲಷ್ಟೇ ಟರ್ಬೊದ ಬಾಯಿಯ ಪೈಪ್ ಬಿಚ್ಚಿಸಿ ಶಾಫ್ಟ್ ಅಲುಗಾಡಿಸಿ ನೋಡಿ. ಅಡ್ಡಕ್ಕೆ ತುಸು ಆಟವಿದ್ದರೆ ನಡೆಯುತ್ತದೆ. ಹಿಂದೆ ಮುಂದೆ ಆಟ ಕೈಗೆ ತಿಳಿಯುವಂತಿದ್ದರೆ, ರೆಕ್ಕೆಗಳು ಗೋಡೆಗೆ ಉಜ್ಜಿದ ಗುರುತಿದ್ದರೆ ಟರ್ಬೊ ಬದಲಿಸಲೇಬೇಕು. ಆಗ ಆಯಿಲ್ ಬರುವ ಪೈಪನ್ನೂ ಹೊಸದು ಹಾಕಿಸಿ. ಕರಿ ಕಟ್ಟಿದ ಹಳೇ ಪೈಪಿನಲ್ಲಿ ಆಯಿಲ್ ಸರಿಯಾಗಿ ಹರಿಯದೆ ಹೊಸ ಟರ್ಬೊ ಕೂಡ ಬೇಗ ಹೋಗುತ್ತದೆ.