ವಿಡಿಯೊ ಪ್ರಾಜೆಕ್ಟ್ ಮಾಡಿಸುವುದು ಹೇಗೆ? ಮೊದಲು ಪ್ರಶ್ನೆ, ಆಮೇಲೆ ಕ್ಯಾಮೆರಾ

ಶಾಲೆಗಳಲ್ಲಿ ವಿಡಿಯೊ ಪ್ರಾಜೆಕ್ಟ್ ಅಂದರೆ ಹೆಚ್ಚುಕಮ್ಮಿ ಎಲ್ಲ ಕಡೆ ಒಂದೇ ಥರ. ಇಂಟರ್‌ನೆಟ್‌ನಿಂದ ಇಳಿಸಿಕೊಂಡ ನಾಲ್ಕಾರು ಫೋಟೊ, ಹಿಂದೆ ಜೋರು ಮ್ಯೂಸಿಕ್, ಚೀಟಿ ನೋಡಿಕೊಂಡು ‘ಗೋಳಗುಮ್ಮಟ ಮಹಮ್ಮದ್ ಆದಿಲ್ ಶಾನ ಸಮಾಧಿ, 1656ರಲ್ಲಿ ಮುಗಿಯಿತು’ ಅಂತ ಓದುವ ಒಂದು ದನಿ. ಮಾಹಿತಿ ಸರಿಯೇ ಇದೆ. ಆದರೆ ಮಕ್ಕಳು ಹುಡುಕಿದ್ದೇನು? ವಿಜಯಪುರದಲ್ಲೇ ಇದ್ದುಕೊಂಡು ಗುಮ್ಮಟದೊಳಗೆ ಕಾಲಿಡದೆ ಮಾಡಿದ ವಿಡಿಯೊ ನೋಡಿದರೆ ನನಗೆ ನಿಜಕ್ಕೂ ಸಂಕಟವಾಗುತ್ತದೆ.

ಎಡವುವುದು ಮೊದಲ ಹೆಜ್ಜೆಯಲ್ಲೇ. ನಾವು ವಿಷಯ ಕೊಟ್ಟುಬಿಡುತ್ತೇವೆ, ಪ್ರಶ್ನೆ ಹುಟ್ಟುವವರೆಗೆ ಕಾಯುವುದಿಲ್ಲ.

ಹಾಗಾಗಿ ನಾಲ್ಕೈದು ಮಕ್ಕಳ ಗುಂಪು ಮಾಡಿ, ಒಂದು ಇಡೀ ಪೀರಿಯಡ್ ಪ್ರಶ್ನೆಗಳಿಗೇ ಬಿಟ್ಟುಕೊಡಿ. ಫೋನ್ ಬ್ಯಾಗಿನಲ್ಲೇ ಇರಲಿ. ಮಕ್ಕಳು ಕೇಳಿದ್ದನ್ನೆಲ್ಲ ಬೋರ್ಡ್ ಮೇಲೆ ಬರೆಯಿರಿ, ಯಾವುದಕ್ಕೂ ಉತ್ತರ ಹೇಳಬೇಡಿ. ಇದೇ ಕಷ್ಟ, ಯಾಕಂದರೆ ಉತ್ತರ ಗೊತ್ತಿದ್ದಾಗ ಮಾಸ್ತರ ಬಾಯಿ ಸುಮ್ನೆ ಇರಲ್ಲ. ಆಮೇಲೆ ಜರಡಿ ಹಿಡಿಯುವುದು. ಪುಸ್ತಕದಲ್ಲಿ ಒಂದು ನಿಮಿಷದಲ್ಲಿ ಸಿಗುವುದನ್ನು ಅಳಿಸಿ. ನಮ್ಮ ಕಣ್ಣು, ಕಿವಿ, ಅಳತೆ ಟೇಪು, ತಕ್ಕಡಿಗೆ ನಿಲುಕದ್ದನ್ನು ಅಳಿಸಿ. ಉಳಿದದ್ದರಲ್ಲಿ, ನಮ್ಮ ಊಹೆ ಸುಳ್ಳಾಗಲೂಬಹುದು ಅನ್ನಿಸುವಂಥದ್ದನ್ನು ಆರಿಸಿಕೊಳ್ಳಿ.

‘ಗುಮ್ಮಟದಲ್ಲಿ ಪ್ರತಿಧ್ವನಿ ಯಾಕೆ ಬರುತ್ತದೆ’ ಎನ್ನುವುದು ಇನ್ನೂ ಅರೆಬೆಂದ ಪ್ರಶ್ನೆ. ಅದನ್ನೇ ಕೆದಕುತ್ತಾ ಹೋದರೆ ಯಾರಾದರೂ ಒಬ್ಬರು ಇಲ್ಲಿಗೆ ಬಂದೇ ಬರುತ್ತಾರೆ: ‘ಸರ್, ಆವಾಜ್ ಸೀದಾ ಎದುರಿನ ಗ್ವಾಡಿಗೆ ಹೋಗಿ ವಾಪಸ್ ಬರ್ತದೋ, ಗ್ವಾಡಿ ಹಿಡಕೊಂಡು ಸುತ್ತು ಹೊಡದು ಬರ್ತದೋ?’ ಇದನ್ನು ಹಿಡಿದುಕೊಳ್ಳಿ! ಗುಮ್ಮಟದ ಒಳವ್ಯಾಸ ಸುಮಾರು 38 ಮೀಟರ್. ಎದುರಿಗೆ ಹೋಗಿ ಬಂದರೆ 76 ಮೀಟರ್, ಗೋಡೆಗುಂಟ ಒಂದು ಸುತ್ತು ಬಂದರೆ ಸುಮಾರು 119. ಶಬ್ದದ ವೇಗ ಸೆಕೆಂಡಿಗೆ ಸುಮಾರು 340 ಮೀಟರ್ ಅಂತ ಹಿಡಿದರೆ ಮೊದಲನೆಯದಕ್ಕೆ 0.22 ಸೆಕೆಂಡ್, ಎರಡನೆಯದಕ್ಕೆ 0.35. ಕಿವಿಗೆ ಈ ವ್ಯತ್ಯಾಸ ಹಿಡಿಯುವುದು ಕಷ್ಟ, ಫೋನಿಗೆ ಕಷ್ಟವಿಲ್ಲ. ಸೆಕೆಂಡಿಗೆ 30 ಫ್ರೇಮ್ ಇರುವ ವಿಡಿಯೊದಲ್ಲಿ ಅದು ಆರೇಳು ಫ್ರೇಮೋ ಹತ್ತು ಹನ್ನೊಂದು ಫ್ರೇಮೋ ಅಂತ ಎಣಿಸಬಹುದು, ಎಡಿಟಿಂಗ್ ಆ್ಯಪ್‌ನಲ್ಲಿ ಧ್ವನಿಯ ಅಲೆಯನ್ನು ಹಿಗ್ಗಿಸಿದರೆ ಚಪ್ಪಾಳೆ ಒಂದು ಮೊನೆ, ಅದರ ಪ್ರತಿಧ್ವನಿ ಇನ್ನೊಂದು ಮೊನೆ ಆಗಿ ಕಾಣುತ್ತದೆ. ಎರಡೂ ಹೊತ್ತಿಗೆ ಮೊನೆ ಬಂದರೆ ಏನು ಅಂತೀರಾ? ಉತ್ತರ ನಾನು ಹೇಳಲ್ಲ, ಮಕ್ಕಳೇ ಜಗಳಾಡಿ ಹೇಳಲಿ. ಇಲ್ಲಿ ವಿಡಿಯೊ ಬರೀ ಅಲಂಕಾರ ಅಲ್ಲ, ಅಳತೆಯ ಸಾಧನ. ವ್ಯತ್ಯಾಸ ಇರುವುದು ಅದರಲ್ಲೇ.

ಹೊರಡುವ ಮೊದಲು ಪ್ರತಿಯೊಬ್ಬರೂ ತಮ್ಮ ಊಹೆಯನ್ನು ಕ್ಯಾಮೆರಾ ಮುಂದೆ ಹೇಳಲಿ. ಅದು ಆಮೇಲೆ ಸುಳ್ಳಾದರೂ ಕತ್ತರಿಸಕೂಡದು.

ಗುಮ್ಮಟಕ್ಕೆ ಬೆಳಿಗ್ಗೆ ಜಲ್ದಿ ಹೋಗಿ, ಭಾನುವಾರ ಬೇಡವೇ ಬೇಡ. ಮೇಲಿನ ಗ್ಯಾಲರಿಯಲ್ಲಿ ಬರುವವರೆಲ್ಲ ಕೂಗಿ ನೋಡುತ್ತಾರೆ, ಅಷ್ಟರಲ್ಲಿ ನಿಮ್ಮ ಚಪ್ಪಾಳೆ ಕಳೆದುಹೋಗುತ್ತದೆ. ಚಪ್ಪಾಳೆ ಒಂದೇ, ಗಟ್ಟಿ, ಚಿಕ್ಕದು. ಮುಂದಿನದಕ್ಕೆ ಮೊದಲು ಪೂರ್ತಿ ನಿಶ್ಶಬ್ದವಾಗಲಿ.

ಗುಮ್ಮಟ ದೂರವಿರುವ ಹಳ್ಳಿಯ ಶಾಲೆಗೆ ದ್ರಾಕ್ಷಿ ಇದೆಯಲ್ಲ. ಪ್ರಶ್ನೆ: ಒಣದ್ರಾಕ್ಷಿ ಬಿಸಿಲಲ್ಲಿ ಬೇಗ ಆಗುತ್ತದೋ, ನೆರಳಲ್ಲೋ? ಒಂದೇ ಬಳ್ಳಿಯ ಕಾಲು ಕಿಲೊ ದ್ರಾಕ್ಷಿ ಬಿಸಿಲಿಗೆ, ಕಾಲು ಕಿಲೊ ಶೆಡ್ಡಿನ ನೆರಳಿಗೆ. ದಿನಾ ಅದೇ ಹೊತ್ತಿಗೆ ತೂಗಿ, ಬಣ್ಣ ಕಾಣುವ ಹಾಗೆ ಚಿತ್ರೀಕರಿಸಿ. ಸುಗ್ಗಿ ಪರೀಕ್ಷೆಯ ಹೊತ್ತಿಗೇ ಬರುವುದರಿಂದ ಮೊದಲ ಕೊಯ್ಲಿಗೇ ಶುರು ಮಾಡಿಬಿಡಿ.

ಶೂಟಿಂಗ್ ಬಗ್ಗೆ ಜಾಸ್ತಿ ಹೇಳುವುದಿಲ್ಲ, ಮಕ್ಕಳಿಗೇ ನಮಗಿಂತ ಚೆನ್ನಾಗಿ ಬರುತ್ತದೆ: ಫೋನ್ ಅಡ್ಡ ಹಿಡಿಯಿರಿ, ರೈತರನ್ನೋ ಕಾವಲುಗಾರರನ್ನೋ ಮಾತಾಡಿಸುವ ಮೊದಲು ಒಪ್ಪಿಗೆ ಕೇಳಿ. ರೆಡಿಮೇಡ್ ಟೆಂಪ್ಲೇಟಿನ ಆ್ಯಪ್‌ಗಳ ಸಹವಾಸ ಬೇಡ, ಮಿನುಗುವ ಅಕ್ಷರಗಳ ನಡುವೆ ಮಕ್ಕಳ ಮಾತೇ ಕೇಳಿಸಲ್ಲ. ಎಡಿಟ್ ಮಾಡುವಾಗ ಹಿನ್ನೆಲೆ ಸಂಗೀತ ಪೂರ್ತಿ ತೆಗೆಯಿರಿ, ವಿಡಿಯೊ ಐದು ನಿಮಿಷ ಮೀರಬಾರದು.

ಕ್ಲಾಸಿನಲ್ಲಿ ತೋರಿಸುವಾಗ ಊಹೆ ಹೇಳಿದ ಭಾಗ ಮುಗಿದ ಕೂಡಲೇ ನಿಲ್ಲಿಸಿ, ಉಳಿದ ಮಕ್ಕಳನ್ನೂ ಊಹಿಸಲು ಬಿಡಿ. ಅಂಕ 20 ಇದ್ದರೆ 15 ಪ್ರಶ್ನೆಗೆ ಮತ್ತು ಪುರಾವೆಗೆ, 5 ಎಡಿಟಿಂಗಿಗೆ. ಇದನ್ನು ಮೊದಲ ದಿನವೇ ಮಕ್ಕಳಿಗೆ ಹೇಳಿಬಿಡಿ.