ಕರಿಗೇರು ಶೋಧನೆ: ಸೀಳಿ ಉಜ್ಜಿದರೆ ಎಣ್ಣೆ ಬಿಡುತ್ತದೆ

ಕರಿಗೇರು ಎಂದರೆ ಆಯುರ್ವೇದದ ಭಲ್ಲಾತಕ. ಅದರ ಸುಡುವ ಎಣ್ಣೆ ತೆಗೆದು ಔಷಧಕ್ಕೆ ಹದ ಮಾಡುವುದೇ ಶೋಧನೆ. ಕಾಯಿಯನ್ನು ಸೀಳಿ ಇಟ್ಟಿಗೆ ಪುಡಿಯಲ್ಲಿ ಉಜ್ಜುತ್ತೇನೆಂದರೆ ಒಪ್ಪಿದವರು ಕಡಿಮೆ. ಎಣ್ಣೆ ಸಿಡಿದು ಮೈಯೆಲ್ಲ ಬೊಕ್ಕೆ ಏಳುತ್ತದೆ, ತಿರುಳು ಪುಡಿಯಾಗಿ ಹೋಗುತ್ತದೆ ಎನ್ನುವುದು ಅವರ ವಾದ. ಇಡೀ ಕಾಯಿಯನ್ನೇ ಗೋಣಿಚೀಲದಲ್ಲಿ ಉಜ್ಜಿದರೆ ಮೇಲಿನ ಹೊಳಪು ಹೋಗುತ್ತದೆ, ನೋಡಲು ಶುದ್ಧವಾದಂತೆಯೇ ಇರುತ್ತದೆ. ಎಣ್ಣೆ ತುಂಬಿರುವುದು ಸಿಪ್ಪೆಯೊಳಗಿನ ಗೂಡುಗಳಲ್ಲಿ. ಅದು ಹಾಗೆಯೇ ಉಳಿದು, ಮುಂದೆ ಲೇಹ್ಯ ತಿಂದವನ ಬಾಯಲ್ಲಿ ಉರಿಯುತ್ತದೆ.

ಕಾಯಿ ಬಲಿತು ಕಪ್ಪಾಗಿರಬೇಕು. ನೀರಿಗೆ ಹಾಕಿದಾಗ ತೇಲಿದ್ದನ್ನು ಎಸೆಯಿರಿ, ಮುಳುಗಿದ್ದನ್ನು ಇಟ್ಟುಕೊಳ್ಳಿ. ತೊಟ್ಟಿನ ಟೊಪ್ಪಿ ತೆಗೆದು ಅಡಕತ್ತರಿಯಲ್ಲಿ ಉದ್ದಕ್ಕೆ ಎರಡು ಹೋಳು ಮಾಡಬೇಕು. ಆ ಅಡಕತ್ತರಿ ಮತ್ತೆ ಅಡಕೆಗೆ ಬೇಡವೇ ಬೇಡ. ತೆಳು ರಬ್ಬರ್ ಕೈಚೀಲವನ್ನು ಈ ಎಣ್ಣೆ ದಾಟಿಬರುತ್ತದೆ. ದಪ್ಪ ವಿನೈಲ್ ಕೈಚೀಲ ಹಾಕಿ, ಒಳಗೆ ಕೈಗೆ ಕೊಬ್ಬರಿ ಎಣ್ಣೆ ಸವರಿಕೊಂಡಿರಿ. ಮೈಗೆ ತಾಗಿದರೆ ಮೊದಲು ಒಣ ಬಟ್ಟೆಯಲ್ಲಿ ಒತ್ತಿ ತೆಗೆದು, ಆಮೇಲೆ ಸೋಪು ಮತ್ತು ತಣ್ಣೀರು. ಉಜ್ಜಿದರೆ ಹರಡುತ್ತದೆ. ಕೆರೆತ ಒಂದೆರಡು ದಿನ ಬಿಟ್ಟು ಏಳುವುದರಿಂದ ಕೂಡಲೇ ಏನೂ ಆಗಲಿಲ್ಲವೆಂದು ಧೈರ್ಯ ಮಾಡಬೇಡಿ.

ಇಟ್ಟಿಗೆ ಹಳೆಯದಾಗಿ, ಚೆನ್ನಾಗಿ ಸುಟ್ಟದ್ದಾಗಿರಲಿ. ಪುಡಿ ರವೆಯಷ್ಟು ದಪ್ಪ ಇರಬೇಕು. ನುಣ್ಣಗಿದ್ದರೆ ಎಣ್ಣೆ ಕುಡಿದು ಅಂಟಾಗಿ ಮುದ್ದೆ ಕಟ್ಟುತ್ತದೆ, ಒಳಗಿನ ಎಣ್ಣೆಗೆ ದಾರಿಯೇ ಇರುವುದಿಲ್ಲ. ಒಂದು ಕಿಲೋ ಹೋಳಿಗೆ ಒಟ್ಟು ನಾಲ್ಕು ಕಿಲೋ ಪುಡಿ ಬೇಕಾಗಬಹುದು, ಆದರೆ ಒಮ್ಮೆಗೇ ಅಲ್ಲ. ಪುಡಿ ಕಂದಿ ಒದ್ದೆಯಾದಂತೆ ಕಂಡಾಗಲೆಲ್ಲ ಬದಲಿಸಬೇಕು. ಹೆಚ್ಚಿನವರ ಶೋಧನೆ ಕೆಡುವುದು ಇಲ್ಲೇ: ಎಣ್ಣೆ ತುಂಬಿದ ಪುಡಿಯಲ್ಲೇ ಮೂರು ದಿನ ಬಿಡುತ್ತಾರೆ. ಮರಳು ಎಣ್ಣೆ ಹೀರುವುದಿಲ್ಲ. ಉಮಿ ಬೂದಿಯನ್ನೂ ನೋಡಿದ್ದಾಯಿತು. ಹೀರುತ್ತದೆ, ಆದರೆ ಹಾರಿ ಮುಖಕ್ಕೆ ಕೂರುತ್ತದೆ. ಕೊನೆಯ ಸುತ್ತಿನ ಪುಡಿಗೆ ನಾನು ಬೆರೆಸುವುದೊಂದಿದೆ, ಅದನ್ನು ಇಲ್ಲಿ ಹೇಳುವುದಿಲ್ಲ.

ಗೋಮೂತ್ರ ಏಳು ದಿನ, ಹಾಲು ಏಳು ದಿನ, ಆಮೇಲೆ ಇಟ್ಟಿಗೆ ಪುಡಿ ಎನ್ನುವ ಕ್ರಮವನ್ನು ಮಾರಾಟದ ಔಷಧಕ್ಕಾದರೆ ಬಿಡುವಂತಿಲ್ಲ. ಖರ್ಚಾಗುವುದೂ ಅಲ್ಲೇ: ಕಿಲೋಗೆ ದಿನಕ್ಕೆ ಎರಡು ಲೀಟರ್ ಬದಲಿಸಿದರೆ ಹಾಲಿಗೇ ಸುಮಾರು ಏಳುನೂರು ರೂಪಾಯಿ. ಇಟ್ಟಿಗೆ ಬಿಟ್ಟಿ. ಎಳನೀರಲ್ಲಿ ಕುದಿಸುವ ಪದ್ಧತಿಯೂ ಇದೆ. ಅದರ ಆವಿಗೆ ಮುಖ ಕೊಟ್ಟರೆ ಕಣ್ಣುರೆಪ್ಪೆ ಊದುತ್ತದೆ, ಬಯಲಲ್ಲಿ ಗಾಳಿಗೆ ಬೆನ್ನು ಹಾಕಿ ನಿಲ್ಲಿ. ಕೊನೆಗೆ ಬಿಸಿನೀರಲ್ಲಿ ತೊಳೆದು ನೆರಳಲ್ಲಿ ಒಣಗಿಸಿದಾಗ, ಒಂದು ಕಿಲೋದಿಂದ ಮುಕ್ಕಾಲಿಗೂ ಕಡಿಮೆ ಉಳಿಯುತ್ತದೆ.

ಅಗಸರು ಈ ಎಣ್ಣೆಗೆ ಸುಣ್ಣ ಸೇರಿಸಿ ಬಟ್ಟೆಗೆ ಅಳಿಯದ ಕಪ್ಪು ಗುರುತು ಹಾಕುತ್ತಿದ್ದರು. ಎಣ್ಣೆ ಹೋಗಿದೆಯೇ ಎಂದು ತಿಳಿಯಲು ಆ ಉಪಾಯವನ್ನೇ ತಿರುಗಿಸಿ ಹಾಕಿದೆ. ಬಿಳಿ ಬಟ್ಟೆ ಮೇಲೆ ಹೋಳನ್ನು ಬಲವಾಗಿ ಒತ್ತಿ, ಗುರುತಿನ ಮೇಲೆ ಸುಣ್ಣದ ತಿಳಿ ಹಚ್ಚಿ ಬಿಡಿ. ಕಪ್ಪಾದರೆ ಮತ್ತೆ ಪುಡಿಗೆ ಹಾಕಿ. ಇಡೀ ಕಾಯಿ ಉಜ್ಜಿದವರ ಮಾಲು ಈ ಪರೀಕ್ಷೆಗೆ ನಿಲ್ಲುವುದು ಕಷ್ಟ. ಸೀಳಿದ್ದು ನಿಲ್ಲುತ್ತದೆ, ತಿರುಳೂ ಬಹುಪಾಲು ಇಡಿಯಾಗಿಯೇ ಇರುತ್ತದೆ. ಬಟ್ಟೆ ಶುಭ್ರವಾಗಿದ್ದ ಮಾತ್ರಕ್ಕೆ ನಿರಪಾಯವೆಂದು ಅರ್ಥವಲ್ಲ.

ಶುದ್ಧಿಯಾದ ಮೇಲೂ ಇದು ತೀಕ್ಷ್ಣವೇ. ಔಷಧ ನಿಯಮಗಳಲ್ಲಿ ವಿಷದ್ರವ್ಯಗಳನ್ನು ಹೆಸರಿಸುವ ಇ(1) ಪಟ್ಟಿಯಲ್ಲಿ ಭಲ್ಲಾತಕ ಇದೆ, ವೈದ್ಯರ ಮೇಲ್ವಿಚಾರಣೆಯ ಎಚ್ಚರಿಕೆ ಲೇಬಲ್ ಮೇಲೆ ಇರಲೇಬೇಕು. ಮೂಲವ್ಯಾಧಿಗೋ ಹಳೆಯ ವಾತನೋವಿಗೋ ಕೊಡುವಾಗ ತುಪ್ಪ, ಹಾಲು ಜೊತೆಗಿರಲಿ. ಬಿಸಿಲು, ಬೆಂಕಿ ಬೇಡ. ಬಸುರಿಯರು, ಮಕ್ಕಳು, ಪಿತ್ತಪ್ರಕೃತಿಯವರು, ಮೂತ್ರಪಿಂಡದ ತೊಂದರೆ ಇರುವವರಿಗೆ ಕೊಡುವುದೇ ಇಲ್ಲ. ಮೂತ್ರ ಕಪ್ಪಿಟ್ಟರೆ, ಕಡಿಮೆಯಾದರೆ, ಮೈ ಕೆರೆದರೆ ಅಂದೇ ನಿಲ್ಲಿಸಿ ಆಸ್ಪತ್ರೆಗೆ ಕಳಿಸಬೇಕು.

ಬಳಸಿದ ಪುಡಿ, ಟೊಪ್ಪಿ, ಕೈಚೀಲ ಎಲ್ಲವನ್ನೂ ಬಾವಿಯಿಂದ ದೂರ ಆಳಕ್ಕೆ ಹೂಳಿ. ಸುಟ್ಟರೆ ಹೊಗೆಯ ಜೊತೆ ಎಣ್ಣೆ ಉಸಿರಿಗೇ ಹೋಗುತ್ತದೆ.